ಎಂಜಿನ್ ಆರಿಸಿದ್ದು ಸರಕು: ಹುಬ್ಬಳ್ಳಿ ರೈಲ್ವೆಯ ಇನ್ನೊಂದು ಚರಿತ್ರೆ

ಹುಬ್ಬಳ್ಳಿಯ ರೈಲ್ವೆ ಎಂದಾಗ ನಮ್ಮ ಮಾತೆಲ್ಲ ಪ್ರಯಾಣಿಕರ ಸುತ್ತಲೇ ತಿರುಗುತ್ತದೆ. 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಗೊಂಡ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನೆನಪಾಗುತ್ತದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೇ ಬರಬೇಕೆಂದು ಉತ್ತರ ಕರ್ನಾಟಕದ ಜನ ಬೀದಿಗಿಳಿದದ್ದು, 2003ರ ಏಪ್ರಿಲ್ 1ರಂದು ವಲಯ ಉದಯವಾದದ್ದು, ಬೆಂಗಳೂರಿಗೆ ಎಷ್ಟು ಗಾಡಿ ಹೆಚ್ಚಾದವು, ಯಾವ ಊರಿಗೆ ಇನ್ನೂ ಸಂಪರ್ಕವಿಲ್ಲ ಎಂಬ ಲೆಕ್ಕ ನೆನಪಾಗುತ್ತವೆ. ಇವೆಲ್ಲ ನಿಜವೇ, ಬೇಕಾದವೇ. ಆದರೆ ಒಂದು ರೈಲ್ವೆ ಸಂಸ್ಥೆಯ ಒಳಗುಟ್ಟು ತಿಳಿಯಬೇಕಾದರೆ ನಿಲ್ದಾಣದ ಮುಂಬಾಗಿಲಿನಿಂದ ಸ್ವಲ್ಪ ಈಚೆ ಬಂದು, ಲೋಕೋ ಶೆಡ್ಡಿನಲ್ಲಿ ನಿಂತಿರುವ ಎಂಜಿನ್‌ಗಳನ್ನು ನೋಡಿ, ಇವು ಯಾಕೆ ಇಲ್ಲಿವೆ ಎಂದು ಕೇಳಬೇಕು. ನನ್ನ ವಾದ ಇಷ್ಟೇ: ಈ ಸೀಮೆಯಲ್ಲಿ ಹಳಿ ಎತ್ತ ಹೋಗಬೇಕು, ಎಷ್ಟು ಅಗಲದ ಹಳಿಯಾಗಬೇಕು, ಅದರ ಮೇಲೆ ಎಂಥ ಎಂಜಿನ್ ಓಡಬೇಕು ಎಂಬ ಮೂರೂ ದೊಡ್ಡ ತೀರ್ಮಾನಗಳನ್ನು ಸುಮಾರು 140 ವರ್ಷ ಕಾಲ ಬಹುಮಟ್ಟಿಗೆ ನಿರ್ಧರಿಸಿದ್ದು ಸರಕು. ಹತ್ತಿ, ಕಾಳು, ಮ್ಯಾಂಗನೀಸ್, ಕಬ್ಬಿಣದ ಅದಿರು, ಕಲ್ಲಿದ್ದಲು ಇವು ಒಂದಾದ ಮೇಲೊಂದು ಬಂದು ತಮಗೆ ಬೇಕಾದ ರೈಲ್ವೆಯನ್ನು ಕಟ್ಟಿಸಿಕೊಂಡವು. ಪ್ರಯಾಣಿಕರು ಆ ರೈಲ್ವೆಯ ಫಲವನ್ನು ಉಂಡರು.

ಮೊದಲಿನಿಂದ ನೋಡೋಣ. ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ ಬೆಳೆದ ಹತ್ತಿ, ರೈಲು ಬರುವ ಮುಂಚೆ, ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ 1860ರ ದಶಕದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ, ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡದ ಮೇಲೆ ಬಿತ್ತು. ಕಾರವಾರವನ್ನು ದೊಡ್ಡ ಬಂದರು ಮಾಡಿ ಅಲ್ಲಿಂದ ಹುಬ್ಬಳ್ಳಿಗೆ ಹಳಿ ಹಾಕಬೇಕೆಂಬ ಒತ್ತಾಯ ವರ್ಷಗಟ್ಟಲೆ ನಡೆಯಿತು. ಕಾರವಾರಕ್ಕೆ ಆ ಭಾಗ್ಯ ಬರಲಿಲ್ಲ. 1878ರ ಕೊನೆಯಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡು, ಗೋವೆಯ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿಸಿ ಬ್ರಿಟಿಷ್ ಇಂಡಿಯಾದ ಗಡಿಯವರೆಗೆ ರೈಲು ತರುವ ದಾರಿ ತೆರೆದರು. ಗಡಿಯ ಈಚೆ ಬದಿಯ ಕೆಲಸಕ್ಕೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಧಾರವಾಡದಲ್ಲಿ ಅದರ ಆಡಳಿತ, ಹುಬ್ಬಳ್ಳಿಯಲ್ಲಿ ಅದರ ಕಾರ್ಖಾನೆ. 1885ರಲ್ಲಿ ಆರಂಭವಾದ ಆ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ದಶಕ ಮುಗಿಯುವ ಹೊತ್ತಿಗೆ ಗೋವೆಯ ಕಂಪನಿಯ ಹಳಿ ಕ್ಯಾಸಲ್‌ರಾಕ್‌ನಲ್ಲಿ ಬಂದು ಕೂಡಿತು. ಪೂರ್ವದಲ್ಲಿ ಗದಗ, ಹೊಸಪೇಟೆ, ಬಳ್ಳಾರಿಯ ಮೂಲಕ ಗುಂತಕಲ್ಲಿನವರೆಗೆ ಮೀಟರ್‌ಗೇಜ್ ಹಳಿ ಚಾಚಿತು. ನಕ್ಷೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದು ಸಂಗತಿ ತಟ್ಟನೆ ಕಾಣುತ್ತದೆ: ಇದರ ಬೆನ್ನೆಲುಬು ಒಳನಾಡಿನ ದೊಡ್ಡ ಪಟ್ಟಣಗಳನ್ನು ಒಂದಕ್ಕೊಂದು ಜೋಡಿಸುವ ಗೆರೆಯಲ್ಲ, ಹತ್ತಿ ಬೆಳೆಯುವ ನೆಲದಿಂದ ಹಡಗು ಬರುವ ಕಡಲಿಗೆ ಎಳೆದ ಗೆರೆ.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ಸದರ್ನ್ ಮರಾಠಾ ರೈಲ್ವೆಯನ್ನು ಕ್ಷಾಮದ ರೈಲ್ವೆ ಎಂದು ಚರಿತ್ರೆಕಾರರು ಗುರುತಿಸುತ್ತಾರೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮುಂಬೈ ಕರ್ನಾಟಕ, ಮೈಸೂರು, ಬಳ್ಳಾರಿ, ಹೈದರಾಬಾದ್ ಸೀಮೆಗಳಲ್ಲಿ ಲಕ್ಷಾಂತರ ಜನ ಸತ್ತರು. ಅದರ ನಂತರ ರಿಚರ್ಡ್ ಸ್ಟ್ರಾಚಿಯ ನೇತೃತ್ವದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟು, ಬರಪೀಡಿತ ಪ್ರದೇಶಗಳಿಗೆ ಕಾಳು ಮುಟ್ಟಿಸಲು ಹಳಿ ಬೇಕೆಂದು ಹೇಳಿತು. ಹಾಗಿದ್ದ ಮೇಲೆ ಈ ರೈಲ್ವೆ ಜನರ ಜೀವ ಉಳಿಸಲೆಂದೇ ಹುಟ್ಟಿತಲ್ಲವೇ? ಉದ್ದೇಶ ಹಾಗಿತ್ತೆಂದು ನಾನು ಅಲ್ಲಗಳೆಯುವುದಿಲ್ಲ. ಆದರೆ ಜೀವ ಉಳಿಸುವ ಆ ಉಪಾಯವೂ ಗೂಡ್ಸ್ ಗಾಡಿಯೇ ಆಗಿತ್ತು ಎಂಬುದನ್ನು ಗಮನಿಸಬೇಕು. ಕ್ಷಾಮ ಆಯೋಗ ಕೇಳಿದ್ದು ಕಾಳಿನ ಚೀಲ ಹೊರುವ ವ್ಯಾಗನ್‌ಗಳನ್ನು. ಮೇಲಾಗಿ ಕ್ಷಾಮದ ಹೆಸರಿನಲ್ಲಿ ಬಂದ ಹಳಿ ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಸುಮ್ಮನೆ ಕೂರಲಿಲ್ಲ. ಅದೇ ಹಳಿ ಹತ್ತಿಯನ್ನೂ ಕಾಳನ್ನೂ ಹೊರಗೆ ಸಾಗಿಸಿತು. ಬರದಲ್ಲಿ ಒಳಗೆ ತರುವ ದಾರಿ ಸುಗ್ಗಿಯಲ್ಲಿ ಹೊರಗೆ ಒಯ್ಯುವ ದಾರಿಯೂ ಆಯಿತು. ಅದರಿಂದ ಇಲ್ಲಿನ ರೈತನಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬ ಚರ್ಚೆ ಆರ್ಥಿಕ ಚರಿತ್ರೆಯಲ್ಲಿ ಇಂದಿಗೂ ಮುಗಿದಿಲ್ಲ. ಅದು ಹೇಗೇ ಮುಗಿದರೂ ನನ್ನ ಮಾತಿಗೆ ಬಾಧಕವಿಲ್ಲ.

ಹಳಿಯ ದಿಕ್ಕನ್ನು ಸರಕು ಆರಿಸಿತು ಎಂದೆ. ಎಂಜಿನನ್ನು ಆರಿಸಿದ್ದು ಆ ದಿಕ್ಕಿನಲ್ಲಿ ಅಡ್ಡ ನಿಂತ ಘಟ್ಟ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಸುಮಾರು 26 ಕಿಲೋಮೀಟರ್ ದಾರಿ ದೂಧಸಾಗರದ ಪಕ್ಕದಲ್ಲಿ ಸುರಂಗ, ಸೇತುವೆ, ತಿರುವುಗಳ ನಡುವೆ ಇಳಿಯುತ್ತದೆ. ಕಡಿದಾದ ಕಡೆಗಳಲ್ಲಿ ಅದರ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲಕ್ಕೆ. ರಸ್ತೆಯಲ್ಲಿ ಇದು ದೊಡ್ಡ ಏರಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಲ್ಲಿ ಇದು ಭಾರತದ ಮುಖ್ಯ ಮಾರ್ಗಗಳಲ್ಲಿಯೇ ಅತಿ ಕಠಿಣವಾದ ಏರುಗಳಲ್ಲಿ ಒಂದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋವೆಯ ಭಾಗದ ಹಳಿಯನ್ನು ಓಡಿಸುವ ಹೊಣೆಯೂ ಸದರ್ನ್ ಮರಾಠಾ ಕಂಪನಿಗೆ ಬಂತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು, ಹಳಬರ ಬಾಯಲ್ಲಿ ಎಂಎಸ್ಎಂ. ಸಂಡೂರಿನ ಮ್ಯಾಂಗನೀಸ್ ಅದಿರು ಹಡಗು ಹತ್ತಲು ಈ ಘಟ್ಟವನ್ನೇ ಇಳಿಯಿತು. ಉಗಿ ಎಂಜಿನ್ ಕಾಲದಿಂದಲೂ ಇಲ್ಲಿ ಒಂದು ಎಂಜಿನ್ನಿಗೆ ಗಾಡಿ ಒಪ್ಪಿಸುವ ಪದ್ಧತಿ ಇರಲಿಲ್ಲ. ಮುಂದೆ ಎಳೆಯಲು ಎಂಜಿನ್, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್. ಇಳಿಯುವಾಗ ಅದೇ ಬ್ಯಾಂಕರ್ ಗಾಡಿಯನ್ನು ತಡೆದು ಹಿಡಿಯುವ ಕೆಲಸಕ್ಕೆ. ಎಷ್ಟು ಭಾರ ಹೊತ್ತ ಗಾಡಿ ಘಟ್ಟ ದಾಟಬಲ್ಲದೋ ಅಷ್ಟೇ ಭಾರದ ಗಾಡಿಯನ್ನು ಗದಗಿನಲ್ಲೋ ಹೊಸಪೇಟೆಯಲ್ಲೋ ಜೋಡಿಸಬೇಕಾಗುತ್ತಿತ್ತು. ಒಟ್ಟು ಮಾರ್ಗದ ಸಾಮರ್ಥ್ಯವನ್ನು ಈ 26 ಕಿಲೋಮೀಟರ್ ಅಳೆದುಕೊಟ್ಟಿತು.

ಸ್ವಾತಂತ್ರ್ಯದ ನಂತರ ಆಡಳಿತದ ಹೆಸರುಗಳು ಬದಲಾದವು: 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ, 1966ರ ಅಕ್ಟೋಬರ್ 2ರಂದು ಹುಬ್ಬಳ್ಳಿಯನ್ನೂ ಒಳಗೊಂಡ ದಕ್ಷಿಣ ಮಧ್ಯ ರೈಲ್ವೆ. 1950ರ ದಶಕದ ಮಧ್ಯದಲ್ಲಿ ಗೋವೆಯ ಗಡಿ ಮುಚ್ಚಿ ರೈಲು ನಿಂತದ್ದು, 1961ರ ಡಿಸೆಂಬರಿನ ವಿಮೋಚನೆಯ ನಂತರ ಮತ್ತೆ ಓಡಿದ್ದು ಬೇರೆಯದೇ ಒಂದು ಅಧ್ಯಾಯ. ನಮ್ಮ ವಾದಕ್ಕೆ ಮುಖ್ಯವಾದ ಸಾಕ್ಷಿ ಹೊಸಪೇಟೆಯಲ್ಲಿದೆ. ಜಪಾನಿನ ಉಕ್ಕಿನ ಕಾರ್ಖಾನೆಗಳು ಬಳ್ಳಾರಿ-ಹೊಸಪೇಟೆಯ ಅದಿರನ್ನು ಕೇಳತೊಡಗಿದಾಗ, ಹೊಸಪೇಟೆಯಿಂದ ಪೂರ್ವಕ್ಕೆ, ಮದ್ರಾಸ್ ಬಂದರಿನ ಕಡೆಗೆ, ಬ್ರಾಡ್‌ಗೇಜ್ ಹಳಿ ಬಂತು. ಹೊಸಪೇಟೆಯಿಂದ ಪಶ್ಚಿಮಕ್ಕೆ ಹುಬ್ಬಳ್ಳಿಯ ಕಡೆ ಮಾತ್ರ ಮೀಟರ್‌ಗೇಜೇ ಮುಂದುವರಿಯಿತು. ಹುಬ್ಬಳ್ಳಿಯ ಪ್ರಯಾಣಿಕ ಬ್ರಾಡ್‌ಗೇಜಿಗಾಗಿ ದಶಕಗಳ ಕಾಲ ಕಾದ. ಅದಿರು ಕಾಯಲಿಲ್ಲ. ಒಂದೇ ನಿಲ್ದಾಣದ ಎರಡು ದಿಕ್ಕಿನಲ್ಲಿ ಎರಡು ಅಗಲದ ಹಳಿ ಇದ್ದದ್ದಕ್ಕೆ ಜನಸಂಖ್ಯೆಯ ಲೆಕ್ಕದಿಂದ ಉತ್ತರ ಸಿಗುವುದಿಲ್ಲ, ಟನ್ನುಗಳ ಲೆಕ್ಕದಿಂದ ಸಿಗುತ್ತದೆ. ಪಶ್ಚಿಮದ ಮೀಟರ್‌ಗೇಜಿನಲ್ಲಿ ಉಗಿ ಎಂಜಿನ್‌ಗಳ ಜಾಗಕ್ಕೆ ವೈಡಿಎಂ-4 ಡೀಸೆಲ್ ಎಂಜಿನ್‌ಗಳು ಬಂದವು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ, ಸುಮಾರು 1,400 ಅಶ್ವಶಕ್ತಿ. ಘಟ್ಟದಲ್ಲಿ ಇವನ್ನು ಮುಂದೆ ಹಿಂದೆ ಜೋಡಿಸಿ ದುಡಿಸಿದರು. ಆ ಎಂಜಿನ್‌ಗಳ ಬಗ್ಗೆ ಹುಬ್ಬಳ್ಳಿಯ ನಿವೃತ್ತ ನೌಕರರು ಇಂದಿಗೂ ಗೌರವದಿಂದ ಮಾತಾಡುತ್ತಾರೆ. ಆ ಗೌರವಕ್ಕೆ ಅವು ತಕ್ಕವೇ ಆಗಿದ್ದವು.

ಎರಡನೆಯ ಆಕ್ಷೇಪ ಇಲ್ಲಿ ಬರುತ್ತದೆ. 1990ರ ದಶಕದಲ್ಲಿ ನಡೆದ ಗೇಜ್ ಪರಿವರ್ತನೆ ಪ್ರಯಾಣಿಕರಿಗಾಗಿ ನಡೆದದ್ದಲ್ಲವೇ? ಕರ್ನಾಟಕದವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ 1992ರಲ್ಲಿ ಏಕರೂಪ ಗೇಜ್ ಯೋಜನೆ ಆರಂಭವಾಯಿತು. ಬೆಂಗಳೂರು-ಹುಬ್ಬಳ್ಳಿ-ಮೀರಜ್ ಮಾರ್ಗವೂ, ಹೊಸಪೇಟೆಯಿಂದ ಮುರಗಾಂವ್‌ವರೆಗಿನ ಮಾರ್ಗವೂ ಆ ದಶಕದಲ್ಲಿ ಬ್ರಾಡ್‌ಗೇಜ್ ಆದವು. ಕರ್ನಾಟಕದ ಜನ ಷರೀಫರನ್ನು ನೆನೆಯುವುದು ಈ ಕಾರಣಕ್ಕಾಗಿಯೇ, ಮತ್ತು ಆ ಕೃತಜ್ಞತೆ ಸರಿಯಾದದ್ದೇ. ರಾಜಕೀಯ ಇಚ್ಛೆ ಇಲ್ಲದಿದ್ದರೆ ಈ ಕೆಲಸ ಇನ್ನೂ ಎಷ್ಟು ವರ್ಷ ಎಳೆಯುತ್ತಿತ್ತೋ. ಹೀಗಾಗಿ ನನ್ನ ವಾದವನ್ನು ಇಲ್ಲಿ ಸ್ವಲ್ಪ ಸಡಿಲಿಸಬೇಕು: ಬೆಂಗಳೂರು-ಹುಬ್ಬಳ್ಳಿ ಪರಿವರ್ತನೆಯಲ್ಲಿ ಪ್ರಯಾಣಿಕರ ಒತ್ತಡ ಸರಕಿನ ಒತ್ತಡಕ್ಕಿಂತ ಕಡಿಮೆ ಇರಲಿಲ್ಲ. ಪೂರ್ವ-ಪಶ್ಚಿಮ ಮಾರ್ಗದ ಮಾತು ಬೇರೆ. ಗೇಜ್ ಬದಲಾಗುವಲ್ಲಿ ಪ್ರಯಾಣಿಕ ತನ್ನ ಗಂಟು ಹೊತ್ತು ಇನ್ನೊಂದು ಗಾಡಿ ಹತ್ತುತ್ತಾನೆ, ಕಷ್ಟವಾದರೂ ಹತ್ತುತ್ತಾನೆ. ಅದಿರನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಸುರಿಯುವ ಖರ್ಚು ಅದಿರಿನ ಬೆಲೆಯನ್ನೇ ತಿನ್ನುತ್ತದೆ. ಬ್ರಾಡ್‌ಗೇಜ್ ಘಟ್ಟ ಇಳಿದ ಮೇಲೆ ಹೊಸಪೇಟೆ ಸುತ್ತಿನ ಗಣಿಗಳಿಗೆ ಪೂರ್ವ, ಪಶ್ಚಿಮ ಎರಡೂ ಕಡಲುಗಳು ಒಂದೇ ವ್ಯಾಗನ್ನಿನ ಹಾದಿಗೆ ಬಂದವು. ಮುಂದೆ ನಡೆದದ್ದನ್ನೆಲ್ಲ ಈ ಒಂದು ಬದಲಾವಣೆ ಸಾಧ್ಯವಾಗಿಸಿತು.

ಬ್ರಾಡ್‌ಗೇಜ್ ಬಂದ ಕೂಡಲೇ ಘಟ್ಟದ ಹಳೆಯ ಪ್ರಶ್ನೆ ಹೊಸ ಗಾತ್ರದಲ್ಲಿ ಎದುರಾಯಿತು. ಬಾಕ್ಸ್‌ಎನ್ ವ್ಯಾಗನ್ ಒಂದಕ್ಕೆ, ಸರಕೂ ಸೇರಿ, 81 ಟನ್ನಿನಷ್ಟು ತೂಕ. ಅಂಥ 58 ವ್ಯಾಗನ್ನುಗಳ ಪೂರ್ಣ ರೇಕು ಸುಮಾರು 4,700 ಟನ್. 37ಕ್ಕೆ 1ರ ಏರಿನಲ್ಲಿ ಗುರುತ್ವವನ್ನು ಗೆಲ್ಲಲಿಕ್ಕೆ ಮಾತ್ರವೇ ಇದರ 37ನೆಯ ಒಂದು ಭಾಗ, ಅಂದರೆ 127 ಟನ್ ಎಳೆತ ಬೇಕು. ತಿರುವುಗಳ ಉಜ್ಜು, ಗಾಲಿಗಳ ಪ್ರತಿರೋಧ, ಎಂಜಿನ್‌ಗಳ ಸ್ವಂತ ತೂಕ ಇವು ಇನ್ನೂ ಬೇರೆ. ಆಗ ಭಾರತೀಯ ರೈಲ್ವೆಯ ಬೆನ್ನೆಲುಬಾಗಿದ್ದ 2,600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 ಎಂಜಿನ್ ನಿಂತಲ್ಲಿಂದ ಹೊರಡುವಾಗ ಕೊಡುವ ಗರಿಷ್ಠ ಎಳೆತ ಸುಮಾರು 30 ಟನ್. ಗುರುತ್ವ ಒಂದನ್ನೇ ಹಿಡಿದರೂ ನಾಲ್ಕಕ್ಕಿಂತ ಹೆಚ್ಚು ಎಂಜಿನ್ ಬೇಕು. ಆ ಗರಿಷ್ಠ ಎಳೆತ ಹೊರಡುವ ಕ್ಷಣದ್ದು; ಏರಿನುದ್ದಕ್ಕೂ ಅಷ್ಟೇ ಜಗ್ಗುತ್ತಿದ್ದರೆ ಮೋಟಾರು ಸುಡುತ್ತದೆ. ಆದ್ದರಿಂದ ವಾಸ್ತವದಲ್ಲಿ ಎಂಜಿನ್‌ಗಳ ಸಂಖ್ಯೆ ಇನ್ನೂ ಮೇಲಕ್ಕೇ ಹೋಗುತ್ತದೆ. ಇದು ಕಾಗದದ ಮೇಲಿನ ಲೆಕ್ಕ, ನಿಜ. ಆದರೆ ಎಂಜಿನ್ ಖರೀದಿಯೆಂಬುದು ಇಂಥ ಕಾಗದದ ಲೆಕ್ಕದಿಂದಲೇ ಶುರುವಾಗುತ್ತದೆ. ರೈಲ್ವೆ ಮಂಡಳಿ 1995ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಎಲೆಕ್ಟ್ರೋ ಮೋಟಿವ್ ವಿಭಾಗದ ಜೊತೆ 21 ಎಂಜಿನ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. 13 ಸಿದ್ಧವಾಗಿ ಬರಬೇಕು, 8 ಬಿಡಿಭಾಗಗಳಾಗಿ ಬಂದು ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ಜೋಡಣೆಯಾಗಬೇಕು, ತಂತ್ರಜ್ಞಾನವೂ ಕೈಗೆ ಬರಬೇಕು. 1999ರಲ್ಲಿ ಎಂಜಿನ್‌ಗಳು ಬಂದವು. ಡಬ್ಲ್ಯೂಡಿಜಿ-4 ಎಂಬ ವರ್ಗನಾಮ, 12001ರಿಂದ ಸಂಖ್ಯೆ. ಮೊದಲ ನೆಲೆಯಾಗಿ ಆರಿಸಿದ್ದು ದೇಶದ ದೊಡ್ಡ ನಗರಗಳ ಶೆಡ್ಡುಗಳನ್ನಲ್ಲ, ಹುಬ್ಬಳ್ಳಿಯ ಡೀಸೆಲ್ ಶೆಡ್ಡನ್ನು.

ಈ ಆಯ್ಕೆಯನ್ನು ಊರಿನ ಅದೃಷ್ಟ ಎಂದು ತಿಳಿಯಬಾರದು. ಡಬ್ಲ್ಯೂಡಿಜಿ-4ಕ್ಕೆ 4,000 ಅಶ್ವಶಕ್ತಿ, 126 ಟನ್ ತೂಕ, ಆರು ಅಚ್ಚು, ಹೊರಡುವಾಗ ಸುಮಾರು 53 ಟನ್ ಎಳೆತ. ಅಶ್ವಶಕ್ತಿ ಅರ್ಧ ಪಟ್ಟಿನಷ್ಟು ಹೆಚ್ಚಿದರೆ ಎಳೆತ ಮುಕ್ಕಾಲು ಪಟ್ಟಿನಷ್ಟು ಮೇಲೇರಿದೆ. ಘಟ್ಟಕ್ಕೆ ಬೇಕಾದದ್ದು ವೇಗಕ್ಕಿಂತ ಎಳೆತ, ಅದೂ ಮಳೆಗಾಲದಲ್ಲಿ ಒದ್ದೆಯಾದ ಹಳಿಯ ಮೇಲೆ ಗಾಲಿ ಜಾರದಂತೆ ಸಿಗುವ ಎಳೆತ. ಹಳೆಯ ಎಂಜಿನ್‌ಗಳ ಡಿಸಿ ಮೋಟಾರಿನಲ್ಲಿ ಕಾರ್ಬನ್ ಬ್ರಷ್‌ಗಳು ಸವೆಯುತ್ತಿದ್ದವು. ನಿಧಾನವಾಗಿ ಹತ್ತುತ್ತ ಹೆಚ್ಚು ಹೊತ್ತು ಭಾರಿ ಕರೆಂಟು ಹರಿದರೆ ಬಿಸಿಯಾಗಿ ಕೆಡುತ್ತಿದ್ದವು. ಹೊಸ ಎಂಜಿನ್ನಿನಲ್ಲಿ ಮೂರು ಫೇಸಿನ ಎಸಿ ಮೋಟಾರು ಇತ್ತು, ಬ್ರಷ್ ಇಲ್ಲ. ಗಾಲಿ ಜಾರುವ ಸೂಚನೆಯನ್ನು ಕಂಪ್ಯೂಟರ್ ಹಿಡಿದು ಎಳೆತವನ್ನು ಸರಿದೂಗಿಸುತ್ತಿತ್ತು.   ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಗುಣ ಎಳೆತದ್ದಲ್ಲ, ತಡೆತದ್ದು. ಅದಿರು ತುಂಬಿದ ರೇಕು ಈ ಘಟ್ಟವನ್ನು ಹತ್ತುತ್ತಿರಲಿಲ್ಲ, ಇಳಿಯುತ್ತಿತ್ತು. ಖಾಲಿ ರೇಕು ಹತ್ತುತ್ತಿತ್ತು. ಇಳಿಯುವಾಗ 4,700 ಟನ್ ಭಾರ ಹಿಂದಿನಿಂದ ಒತ್ತುತ್ತಿರುತ್ತದೆ. ಗಾಳಿಯ ಬ್ರೇಕನ್ನೇ ನೆಚ್ಚಿದರೆ ಬ್ರೇಕ್ ಬ್ಲಾಕುಗಳು ಕಾದು ಕೈಕೊಡಬಹುದು. ಡೈನಮಿಕ್ ಬ್ರೇಕಿನಲ್ಲಿ ಮೋಟಾರುಗಳೇ ಜನರೇಟರಾಗಿ ಗಾಡಿಯನ್ನು ತಡೆಯುತ್ತವೆ. ಎಸಿ ಮೋಟಾರುಗಳಲ್ಲಿ ಈ ತಡೆ ತೀರ ಕಡಿಮೆ ವೇಗದವರೆಗೂ ಬಲವಾಗಿ ಉಳಿಯುತ್ತದೆ. ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ಪರೀಕ್ಷೆ ಮಾಡಿಸಿಕೊಂಡು ಇಳಿಯಲು ಹೊರಡುವ ಲೋಕೋ ಪೈಲಟ್ಟಿಗೂ ಹಿಂದಿರುವ ಗಾರ್ಡಿಗೂ ಇದು ಜೀವದ ಪ್ರಶ್ನೆ.

ಇಷ್ಟೆಲ್ಲ ಹೊಗಳಿದ ಮೇಲೆ ಮೂರನೆಯ ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. ವಾರಾಣಸಿಯಲ್ಲಿ 1960ರ ದಶಕದಿಂದ ನಾವೇ ಆಲ್ಕೋ ಮಾದರಿಯ ಎಂಜಿನ್ ಮಾಡುತ್ತಿದ್ದೆವು. ಆಲ್ಕೋ ಕಂಪನಿ 1969ರಲ್ಲಿ ಎಂಜಿನ್ ತಯಾರಿಕೆ ನಿಲ್ಲಿಸಿದ ಮೇಲೂ ನಮ್ಮ ಎಂಜಿನಿಯರುಗಳು ಆ ವಿನ್ಯಾಸವನ್ನು ಬೆಳೆಸಿ 3,100 ಅಶ್ವಶಕ್ತಿಯ ಡಬ್ಲ್ಯೂಡಿಜಿ-3ಎವರೆಗೆ ತಂದಿದ್ದರು. ಹಾಗಿರುವಾಗ ಪರದೇಶದಿಂದ ದುಬಾರಿ ಎಂಜಿನ್ ತರಿಸಬೇಕಿತ್ತೇ? ಈ ಪ್ರಶ್ನೆ ಆಗಲೂ ಎದ್ದಿತ್ತು, ಅದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿನ ಒಂದು ಸಮಕಾಲೀನ ಉದಾಹರಣೆ ನೆರವಾಗುತ್ತದೆ. ಬ್ರಿಟಿಷ್ ರೈಲ್ವೆ ಖಾಸಗಿಯಾದಾಗ ಅಲ್ಲಿನ ಸರಕು ಸಾಗಣೆಯ ಬಹುಪಾಲನ್ನು ಕೊಂಡ ಇಡಬ್ಲ್ಯೂಎಸ್ ಎಂಬ ಕಂಪನಿಗೆ ನಾನಾ ವರ್ಗದ, ನಾನಾ ವಯಸ್ಸಿನ ಎಂಜಿನ್‌ಗಳು ಬಳುವಳಿಯಾಗಿ ಬಂದವು. ಅದು 1996ರಲ್ಲಿ ಒಂದೇ ಏಟಿಗೆ ಇದೇ ಜನರಲ್ ಮೋಟಾರ್ಸ್‌ಗೆ 250 ಎಂಜಿನ್‌ಗಳ ಆರ್ಡರ್ ಕೊಟ್ಟಿತು; 1998ರಿಂದ 2000ದೊಳಗೆ ಎಲ್ಲವೂ ಬಂದವು. ಕ್ಲಾಸ್ 66 ಎಂದು ಹೆಸರಾದ ಆ ಎಂಜಿನ್ನಿನ ಒಳಗಿರುವುದು ಹುಬ್ಬಳ್ಳಿಯ ಡಬ್ಲ್ಯೂಡಿಜಿ-4ರಲ್ಲಿರುವ 710 ಸರಣಿಯ ಎರಡು-ಸ್ಟ್ರೋಕ್ ಡೀಸೆಲ್ ಯಂತ್ರವೇ. ಅಲ್ಲಿ 12 ಸಿಲಿಂಡರ್, ಇಲ್ಲಿ 16. ಬಗೆಬಗೆಯ ಎಂಜಿನ್‌ಗಳ ಬದಲು ಒಂದೇ ಬಗೆ ಇದ್ದರೆ ಬಿಡಿಭಾಗ, ತರಬೇತಿ, ದುರಸ್ತಿ ಎಲ್ಲದರಲ್ಲಿ ಉಳಿತಾಯ ಎಂಬ ತತ್ವವನ್ನು ಅವರು ಸಾಧಿಸಿ ತೋರಿಸಿದರು. ಖಾಸಗಿ ಕಂಪನಿಯ ಆ ವೇಗ ನಮ್ಮಲ್ಲಿರಲಿಲ್ಲ. ನಾವು 21 ಕೊಂಡೆವು, ಕಾದೆವು, ಕಲಿತೆವು. ಆದರೆ ಇಂಗ್ಲೆಂಡಿಗೆ ಎಂಜಿನ್ ಮಾತ್ರ ಬಂತು. ನಮಗೆ ಎಂಜಿನ್ ಮಾಡುವ ವಿದ್ಯೆ ಬಂತು: 2002ರಿಂದ ವಾರಾಣಸಿಯಲ್ಲಿಯೇ ಡಬ್ಲ್ಯೂಡಿಜಿ-4 ತಯಾರಾಗತೊಡಗಿ, ಮುಂದೆ ಈ ಕುಟುಂಬ ದೇಶದ ಉದ್ದಗಲಕ್ಕೆ ಹಬ್ಬಿತು. ದುಬಾರಿ ಎಂಬ ಆಕ್ಷೇಪ 21 ಎಂಜಿನ್‌ಗಳ ಮಟ್ಟಿಗೆ ನಿಲ್ಲುತ್ತದೆ, ಅವುಗಳಿಂದ ಬೆಳೆದ ಸಂತಾನದ ಮುಂದೆ ನಿಲ್ಲುವುದಿಲ್ಲ ಎಂಬುದು ನನ್ನ ತೀರ್ಪು. ಆ ವಿದ್ಯೆಯನ್ನು ದಿನದಿನದ ದುರಸ್ತಿಯಲ್ಲಿ ಮೊದಲು ಪಳಗಿಸಿದವರು ಹುಬ್ಬಳ್ಳಿ ಶೆಡ್ಡಿನ ಫಿಟ್ಟರುಗಳು, ಎಲೆಕ್ಟ್ರೀಷಿಯನ್ನರು, ಮೇಲ್ವಿಚಾರಕರು. ವರ್ಷಗಟ್ಟಲೆ ಆಲ್ಕೋ ಯಂತ್ರದ ಸದ್ದು ಕೇಳಿಯೇ ದೋಷ ಹಿಡಿಯುತ್ತಿದ್ದವರು ಈಗ ಪರದೆಯ ಮೇಲಿನ ದೋಷಸಂಕೇತ ಓದುವುದನ್ನು ಕಲಿತರು. ದೇಶದಲ್ಲಿ ಅವರಿಗೆ ಹೇಳಿಕೊಡಲು ಇನ್ನೊಂದು ಶೆಡ್ ಇರಲಿಲ್ಲ.

ಇನ್ನೊಂದು ಸಾಕ್ಷಿ ಇದೇ ಕುಟುಂಬದಲ್ಲಿದೆ. ಇಂದು ಪ್ರಯಾಣಿಕರ ಗಾಡಿಗಳಿಗೆ ಹೂಡುವ ಡಬ್ಲ್ಯೂಡಿಪಿ-4 ಎಂಜಿನ್‌ಗಳನ್ನು ಕಂಡವರು, ಇದು ಪ್ರಯಾಣಿಕರಿಗೆಂದೇ ಹುಟ್ಟಿದ್ದಲ್ಲವೇ ಎನ್ನಬಹುದು. ಕಾಲಕ್ರಮ ನೋಡಿ: ಗೂಡ್ಸ್ ಎಂಜಿನ್ 1999ರಲ್ಲಿ ಬಂತು, ಪ್ರಯಾಣಿಕರ ರೂಪ 2001ರಲ್ಲಿ ಅದರಿಂದಲೇ ಕವಲೊಡೆಯಿತು. ಮೊದಲ ರೂಪದಲ್ಲಿ ಆರು ಅಚ್ಚುಗಳ ಪೈಕಿ ನಾಲ್ಕಕ್ಕೆ ಮಾತ್ರ ಮೋಟಾರು ಇಟ್ಟು, ಗೇರ್ ಬದಲಿಸಿ ವೇಗ ಹೆಚ್ಚಿಸಿದ್ದರು. ಸರಕಿಗಾಗಿ ಬಂದ ಯಂತ್ರದ ಬಲ ಪ್ರಯಾಣಿಕನಿಗೂ ದಕ್ಕಿತು. ರೈಲ್ವೆಯ ಹಣಕಾಸು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಭಾರತೀಯ ರೈಲ್ವೆಯ ಸಾರಿಗೆ ಆದಾಯದಲ್ಲಿ ಸುಮಾರು ಮೂರನೇ ಎರಡು ಭಾಗ ಸರಕಿನದು. ಅಗ್ಗದ ಟಿಕೆಟ್ಟಿನ ನಷ್ಟವನ್ನು ಬಹುಕಾಲದಿಂದ ಸರಕಿನ ಬಾಡಿಗೆ ತುಂಬಿಕೊಡುತ್ತ ಬಂದಿದೆ.

ಈಗ ಎಲ್ಲಕ್ಕಿಂತ ಕಷ್ಟದ ಆಕ್ಷೇಪ. ಹೊಗಳಿಕೆಯ ಬರಹದಲ್ಲಿ ಇದನ್ನು ಮುಚ್ಚಿಡುವುದು ಸುಲಭ, ಆದರೆ ಸರಿಯಲ್ಲ. 2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. 2005ರಿಂದ ಅದಿರು ಮಾರ್ಗಗಳಲ್ಲಿ ವ್ಯಾಗನ್ನಿಗೆ ನಿಗದಿತ ಮಿತಿಗಿಂತ 8 ಟನ್ ಹೆಚ್ಚು ತುಂಬಲು ರೈಲ್ವೆ ಅನುಮತಿ ಕೊಟ್ಟಿತು. ಹೊಸ ವಲಯದ ಗಲ್ಲಾಪೆಟ್ಟಿಗೆ ತುಂಬಿತು. ಅದೇ ವರ್ಷಗಳಲ್ಲಿ ಬಳ್ಳಾರಿಯ ಬೆಟ್ಟಗಳು ಕರಗಿದವು, ಸಂಡೂರಿನ ಕಾಡು ಹೋಯಿತು, ಹೊಲಗಳ ಮೇಲೆ ಕೆಂಪು ಧೂಳು ಕೂತಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಂದು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಸರಕೇ ಈ ರೈಲ್ವೆಯನ್ನು ನಡೆಸಿತು ಎನ್ನುವವನು ಈ ಲೂಟಿಯ ಸರಕಿಗೂ ರೈಲ್ವೆ ಹೆಗಲು ಕೊಟ್ಟಿತೆಂದು ಒಪ್ಪಬೇಕು. ಒಪ್ಪುತ್ತೇನೆ. ಕಾನೂನು ಮೀರಿದ ಅದಿರಿನಲ್ಲಿ ಲಾರಿಗಳ ಪಾಲು ಬಹಳ ದೊಡ್ಡದು ಎಂಬುದು ನಿಜ. ಆದರೆ ಅದನ್ನು ಹೇಳಿ ರೈಲ್ವೆ ಕೈ ತೊಳೆದುಕೊಳ್ಳಲಾಗದು. ಎಂಜಿನ್ ಓಡಿಸಿದವರ, ದುರಸ್ತಿ ಮಾಡಿದವರ ದುಡಿಮೆಯ ಘನತೆ ಇದರಿಂದ ಕುಂದುವುದಿಲ್ಲ. ಯಾವ ಸರಕನ್ನು ಎಷ್ಟು ಹೊರಬೇಕೆಂಬ ತೀರ್ಮಾನ ಅವರದಾಗಿರಲಿಲ್ಲ. ಸಂಸ್ಥೆಯ ಚರಿತ್ರೆಯಲ್ಲಿ ಮಾತ್ರ ಆದಾಯ ಏರಿದ ಪುಟದ ಎದುರಿಗೇ ಬೆಟ್ಟ ಕರಗಿದ ಪುಟವೂ ಇರಬೇಕು.

ಗಣಿ ನಿಂತಾಗ ಹುಬ್ಬಳ್ಳಿಯ ಎಂಜಿನ್‌ಗಳು ಕೆಲಸವಿಲ್ಲದೆ ನಿಲ್ಲಬೇಕಿತ್ತಲ್ಲವೇ? ಅಷ್ಟರಲ್ಲಾಗಲೇ ಸರಕಿನ ದಿಕ್ಕು ತಿರುಗಿತ್ತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬೆಳೆದಂತೆ ಅದರ ಕುಲುಮೆಗೆ ಬೇಕಾದ ಕಲ್ಲಿದ್ದಲು ಹೊರದೇಶಗಳಿಂದ ಮುರಗಾಂವ್ ಬಂದರಿಗೆ ಬಂದಿಳಿದು, ಅಲ್ಲಿಂದ ಘಟ್ಟ ಹತ್ತತೊಡಗಿತು. ಒಂದು ಕಾಲದಲ್ಲಿ ತುಂಬಿ ಇಳಿದು ಖಾಲಿಯಾಗಿ ಹತ್ತುತ್ತಿದ್ದ ರೇಕುಗಳು ಈಗ ತುಂಬಿಯೇ ಹತ್ತುತ್ತವೆ. ಅದಿರಿನ ಕಾಲದಲ್ಲಿ ಬ್ರೇಕಿನ ಬಲಕ್ಕಾಗಿ ಮೆಚ್ಚಿದ ಎಂಜಿನ್ನೇ ಕಲ್ಲಿದ್ದಲಿನ ಕಾಲದಲ್ಲಿ ಎಳೆತದ ಬಲಕ್ಕಾಗಿ ಬೇಕಾಯಿತು. ಕುಳೆಂನಿಂದ ಮೇಲಕ್ಕೆ ಮುಂದೆ ಎಂಜಿನ್, ಹಿಂದೆ ಬ್ಯಾಂಕರ್‌ಗಳ ಹಳೆಯ ಪದ್ಧತಿ ಮುಂದುವರಿಯಿತು. ಆದರೆ ಘಟ್ಟದ ಮಿತಿ ಇಲ್ಲಿ ಇನ್ನೊಂದು ರೂಪದಲ್ಲಿ ಎದುರಾಯಿತು. ಈ ಮಾರ್ಗವನ್ನು ಜೋಡಿಹಳಿ ಮಾಡುವ ಯೋಜನೆಗೆ, ಭಗವಾನ್ ಮಹಾವೀರ ಅಭಯಾರಣ್ಯದ ಕಾಡು ಹೋಗುತ್ತದೆಂದು, ಕಲ್ಲಿದ್ದಲಿನ ಧೂಳು ಹೆಚ್ಚುತ್ತದೆಂದು ಗೋವೆಯ ಜನ ವಿರೋಧ ಒಡ್ಡಿದರು. ಕ್ಯಾಸಲ್‌ರಾಕ್-ಕುಳೆಂ ಜೋಡಿಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಇತ್ತ 1990ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ಮಾರ್ಗವೂ ಕಾಡಿನ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿತು. 1860ರ ದಶಕದಲ್ಲಿ ಹಳಿ ಎತ್ತ ಎಂದು ತೀರ್ಮಾನಿಸಲು ಹತ್ತಿಯ ಲೆಕ್ಕ ಸಾಕಾಗಿತ್ತು. ಈಗ ಕಾಡಿನ ಲೆಕ್ಕವೂ ಸೇರಿದೆ. ಸರಕಿನ ಮಾತೇ ಕೊನೆಯ ಮಾತಾಗಿದ್ದ ಕಾಲ ಈ ಘಟ್ಟದಲ್ಲಿ ಮುಗಿದಿದೆ. ನನ್ನ ವಾದದ ಗಡಿಯೂ ಇಲ್ಲಿಗೇ ಮುಗಿಯುತ್ತದೆ.

ಎಂಜಿನ್‌ಗಳ ಕಾಲವೂ ಬದಲಾಗುತ್ತಿದೆ. ಹೊಸಪೇಟೆಯಿಂದ ಹುಬ್ಬಳ್ಳಿಯ ಮೂಲಕ ತಿನೈಘಾಟ್‌ವರೆಗಿನ ವಿದ್ಯುದೀಕರಣ 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾಯಿತು. ತಂತಿಯ ಕೆಳಗೆ 6,000 ಅಶ್ವಶಕ್ತಿ ಮೀರಿದ ವಿದ್ಯುತ್ ಎಂಜಿನ್‌ಗಳು ಓಡುವಾಗ ಡೀಸೆಲ್ಲಿನ ಪಾತ್ರ ಕುಗ್ಗುವುದು ಸಹಜ, ಅದಕ್ಕಾಗಿ ಮರುಗಬೇಕಿಲ್ಲ. ಆದರೆ ಡೀಸೆಲ್ ಕಾಲದ ದಾಖಲೆ ಕಳೆದುಹೋದರೆ ಅದನ್ನು ಯಾವ ಖರೀದಿಯೂ ಮರಳಿ ತರುವುದಿಲ್ಲ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ಸಂಗ್ರಹಾಲಯ ಒಳ್ಳೆಯ ಆರಂಭ. ಅಲ್ಲಿ ಗೂಡ್ಸ್ ಗಾಡಿಗೂ ಅದರ ಪಾಲಿನ ಜಾಗ ಸಿಗಬೇಕು. ಮೊದಲ 21 ಎಂಜಿನ್‌ಗಳ ದುರಸ್ತಿ ರಿಜಿಸ್ಟರುಗಳು, ಘಾಟ್ ಸೆಕ್ಷನ್ನಿನ ಬ್ಯಾಂಕರ್ ದಾಖಲೆಗಳು, ಕಂಟ್ರೋಲ್ ಕಚೇರಿಯ ಚಾರ್ಟುಗಳು, ಮೀಟರ್‌ಗೇಜ್ ಕಾಲದ ವರ್ಕಿಂಗ್ ಟೈಮ್‌ಟೇಬಲ್‌ಗಳು ರದ್ದಿಗೆ ಹೋಗದಂತೆ ವಲಯದ ಆಡಳಿತ ಈಗಲೇ ನೋಡಿಕೊಳ್ಳಬೇಕು. ಇದನ್ನು ಓದುತ್ತಿರುವ ನಿವೃತ್ತ ಲೋಕೋ ಪೈಲಟ್ಟರು, ಗಾರ್ಡುಗಳು, ಶೆಡ್ಡಿನ ನೌಕರರು ತಮ್ಮ ಮನೆಯ ಟ್ರಂಕಿನಲ್ಲಿರುವ ಡೈರಿ, ತರಬೇತಿ ಪುಸ್ತಕ, ಛಾಯಾಚಿತ್ರಗಳ ಒಂದೊಂದು ಪ್ರತಿಯನ್ನಾದರೂ ಸಂಗ್ರಹಾಲಯಕ್ಕೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.